ಗ್ಯಾಲರಿಗೆ ಕೆಂಪು ಬಣ್ಣ ಬಳಿಯುವ ಮುನ್ನ

ಚಿರಂಜೀವಿ ಅಳಿಯನಿಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿತು. ಊರಿನ ತಂಡ ಫೈನಲ್ ತಲುಪಿದ್ದನ್ನು ಓದಿ ಎಷ್ಟು ಸಂತೋಷವಾಯಿತೆಂದರೆ, ಮನೆಯವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ಆದರೆ ಅದೇ ಪತ್ರದ ಕೊನೆಯಲ್ಲಿ ನೀನು ಬರೆದ ನಾಲ್ಕು ಸಾಲು ನನ್ನನ್ನು ಯೋಚನೆಗೆ ಹಚ್ಚಿವೆ. ಆಸ್ಪತ್ರೆಗೆ ಬಣ್ಣ ಬಳಿಯುವ ಕೆಲಸವನ್ನು ಸ್ವಲ್ಪ ದಿನ ನಿಲ್ಲಿಸಿ ಆಳುಗಳನ್ನೆಲ್ಲ ಕ್ರೀಡಾಂಗಣಕ್ಕೆ ಕರೆದೊಯ್ಯುತ್ತೇನೆ, ಪಂದ್ಯಕ್ಕೆ ಮೊದಲೇ ಗ್ಯಾಲರಿಗೆ ತಂಡದ ಕೆಂಪು ಬಿಳಿ ಬಣ್ಣ ಬಳಿದು ಮುಗಿಸುತ್ತೇನೆ, ಹಣದ ಮಾತು ಆಡುವುದಿಲ್ಲ ಎಂದಿದ್ದೀಯೆ. ಬದುಕಿಡೀ ಪೇಂಟಿಂಗ್ ಗುತ್ತಿಗೆ ಮಾಡಿದವನು ನಾನು. ಈ ವಿಷಯದಲ್ಲಿ ಸುಮ್ಮನಿರಲಾರೆ.

ತಂಡದ ಮೇಲಿನ ಅಭಿಮಾನವನ್ನು ಕಡಿಮೆ ಮಾಡಿಕೋ ಎಂದು ನಾನು ಎಂದೂ ಹೇಳುವುದಿಲ್ಲ. ಊರಿನ ಹೆಸರು ಎದೆಯ ಮೇಲೆ ಹಾಕಿಕೊಂಡು ಹುಡುಗರು ಮೈದಾನಕ್ಕೆ ಇಳಿದಾಗ ಕಣ್ಣು ತುಂಬದವನ ಬಗ್ಗೆ ನನಗೆ ಕನಿಕರವೇ. ನಾನು ಹೇಳುವುದು ಇಷ್ಟೇ: ಆ ಪ್ರೀತಿ ನಿನ್ನ ಕೆಲಸದ ಅಳತೆಯನ್ನಾಗಲಿ, ಕೊಟ್ಟ ಮಾತನ್ನಾಗಲಿ, ಲೆಕ್ಕವನ್ನಾಗಲಿ ಬದಲಿಸಬಾರದು. ಊರಿಗೆ ಕೊಡುವುದಿದ್ದರೆ ಒಳ್ಳೆಯ ಕೆಲಸವನ್ನೇ ಕೊಡು. ಅವಸರದ ಕೆಲಸವನ್ನು ಪುಕ್ಕಟೆ ಕೊಟ್ಟರೂ ಊರಿಗೆ ಅದು ನಷ್ಟವೇ.

ಮೊದಲು ಗೋಡೆಯ ಮಾತು. ಗ್ಯಾಲರಿಯ ಹಿಂಬದಿಯ ಗೋಡೆಗೆ ಹೊಸದಾಗಿ ಗಾರೆ ಹಾಕಿದ್ದಾರೆ ಎಂದು ನೀನೇ ಬರೆದಿದ್ದೀಯೆ. ಹಸಿ ಸಿಮೆಂಟ್ ಗಾರೆ ತೀವ್ರ ಕ್ಷಾರ. ಕ್ಷಾರವನ್ನು ಅಳೆಯುವ ಪಿಎಚ್ ಅಂಕ ಅದರಲ್ಲಿ ಹನ್ನೆರಡರ ಮೇಲಿರುತ್ತದೆ, ಶುದ್ಧ ನೀರಿಗೆ ಅದು ಏಳು. ಅದಕ್ಕೇ 28 ದಿನ ಬಿಡಬೇಕೆಂಬ ವಾಡಿಕೆ ಬಂದಿರುವುದು. ಬೇಗ ಬಳಿದರೆ ಒಳಗಿನ ನೀರು ಹೊರಗೆ ಬರುವಾಗ ಲವಣವನ್ನೂ ಜೊತೆಗೆ ತಂದು ಬಣ್ಣದ ಹಿಂದೆ ಬಿಡುತ್ತದೆ. ಬಿಳಿ ಹೂವಿನಂತೆ ಉಪ್ಪು ಒಡೆಯುತ್ತದೆ, ಹಕ್ಕಳೆ ಏಳುತ್ತದೆ. ಸಿಂಥೆಟಿಕ್ ಎನಾಮೆಲ್ ಎಂಬ ಎಣ್ಣೆ ಬೆರೆತ ಹೊಳಪಿನ ಬಣ್ಣ ಬಳಿದಿದ್ದರಂತೂ ಕ್ಷಾರವು ಅದರೊಳಗಿನ ಎಣ್ಣೆಯನ್ನು ಸೋಪಾಗಿಸುತ್ತದೆ. ಮುಟ್ಟಿದರೆ ಅಂಟು, ಉಜ್ಜಿದರೆ ಜಾರು. ಅದನ್ನು ಪೂರ್ತಿ ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ.

ದಿನಗಳ ಲೆಕ್ಕವೊಂದನ್ನೇ ನಂಬಬೇಡ. ಗೋಡೆ ಯಾವ ಕಡೆಗಿದೆ, ಗಾಳಿ ಆಡುತ್ತದೆಯೇ, ಮಳೆ ಬಿದ್ದಿದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸುಮಾರು 45 ಸೆಂಟಿಮೀಟರ್ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚು. ಗಾಳಿ ನುಸುಳಬಾರದು. 16 ಗಂಟೆಯ ಮೇಲೆ ಬಿಚ್ಚಿ ನೋಡು. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ, ಇಲ್ಲವೇ ಅಷ್ಟು ಜಾಗದ ಗಾರೆ ಸುತ್ತಲಿನದಕ್ಕಿಂತ ಕಪ್ಪಾಗಿದ್ದರೆ ಗೋಡೆ ಇನ್ನೂ ಬೆವರುತ್ತಿದೆ ಎಂದೇ ಲೆಕ್ಕ. ಒಂದೇ ಕಡೆ ನೋಡಿ ತೃಪ್ತಿಪಡಬೇಡ. ತಳದಲ್ಲಿ, ನಡುವೆ, ಮೇಲೆ ಬೇರೆ ಬೇರೆ ಕಡೆ ಹಚ್ಚು. ಕ್ರೀಡಾಂಗಣದ ಸಮಿತಿಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಹಾಳೆ ಬಿಚ್ಚು. ಆಗ ತಡಕ್ಕೆ ಕಾರಣ ನೀನಲ್ಲ, ಗೋಡೆ ಎಂಬುದು ಅವರಿಗೇ ಕಾಣುತ್ತದೆ.

ಗ್ಯಾಲರಿಯ ಕಂಬಿಗಳ ವಿಷಯಕ್ಕೆ ಬರುತ್ತೇನೆ. ಅವು ಸತುವಿನ ಲೇಪನದ ಪೈಪುಗಳಾಗಿದ್ದರೆ ನೇರವಾಗಿ ಎನಾಮೆಲ್ ಬಳಿಯುವ ಯೋಚನೆಯನ್ನೇ ಬಿಡು. ಇಲ್ಲೂ ಅದೇ ಕಥೆ. ಸತುವು ಎಣ್ಣೆಯೊಂದಿಗೆ ಸೇರಿ ಸೋಪಿನ ಪೊರೆ ಕಟ್ಟುತ್ತದೆ, ಬಣ್ಣ ಮೊದಲ ದಿನ ಕನ್ನಡಿಯಂತೆ ಹೊಳೆದು ಆಮೇಲೆ ಹಾಳೆ ಹಾಳೆಯಾಗಿ ಕಳಚುತ್ತದೆ. ಜಿಡ್ಡು ಪೂರ್ತಿ ಹೋಗುವಂತೆ ತೊಳೆದು, ಸತುವಿಗೆಂದೇ ತಯಾರಾದ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ತಳಲೇಪ, ಹಚ್ಚಿ, ಆಮೇಲೆ ಬಣ್ಣಕ್ಕೆ ಕೈಹಾಕು. ಬೆಳಗಿನ ಮಂಜು ಆರುವ ತನಕ ಆಳುಗಳಿಗೆ ಬೇರೆ ಕೆಲಸ ಹೇಳು. ಲೋಹದ ಮೈ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ತೇವ ಹನಿಗಟ್ಟುವ ಉಷ್ಣತೆಗಿಂತ, ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು. ಕಣ್ಣಿಗೆ ಒಣಗಿದಂತೆ ಕಂಡರೆ ಸಾಲದು.

ಇನ್ನು ಕೆಂಪು. ಈ ಕೆಂಪು ಬಣ್ಣ ಎಷ್ಟೋ ಗುತ್ತಿಗೆದಾರರ ಲೆಕ್ಕವನ್ನು ಬುಡಮೇಲು ಮಾಡಿದೆ. ಬಿಳಿಗೆ ಟೈಟಾನಿಯಂ ಡೈಆಕ್ಸೈಡ್ ಎಂಬ ವರ್ಣದ್ರವ್ಯ ಇದೆ, ತಳವನ್ನು ಚೆನ್ನಾಗಿ ಮುಚ್ಚುತ್ತದೆ. ಜರ್ಸಿಯ ಹೊಳಪಿನ ಕೆಂಪಿಗೆ ಬಳಸುವ ಸಾವಯವ ವರ್ಣದ್ರವ್ಯಕ್ಕೆ ಆ ಶಕ್ತಿಯಿಲ್ಲ. ಎರಡು ಕೋಟಿನ ಮೇಲೂ ಕೆಳಗಿನ ಬಣ್ಣ ಇಣುಕುತ್ತಿರುತ್ತದೆ. ನೀನು ಬಿಳಿ ಪ್ರೈಮರ್‌ನ ಮೇಲೆ ಎರಡು ಕೋಟ್ ಎಂದು ಅಂದಾಜು ಬರೆದಿದ್ದರೆ ಅದನ್ನು ಈಗಲೇ ತಿದ್ದು. ಬೂದು ಬಣ್ಣದ ತಳಕೋಟ್ ಹಾಕಿದರೆ ಕೆಂಪು ಬೇಗ ಮುಚ್ಚಿಕೊಳ್ಳುತ್ತದೆ. ಎರಡನೆಯದು ಬಿಸಿಲು. ಅಗ್ಗದ ಕೆಂಪು ತೆರೆದ ಗ್ಯಾಲರಿಯಲ್ಲಿ ಬಹಳ ಬೇಗ ಮಂಕಾಗಿ ಗುಲಾಬಿಯ ಕಡೆಗೆ ತಿರುಗುತ್ತದೆ. ಕಬ್ಬಿಣದ ಆಕ್ಸೈಡಿನ ಕೆಂಪು ಬಿಸಿಲಿಗೆ ಜಗ್ಗುವುದಿಲ್ಲ, ಆದರೆ ಅದು ಇಟ್ಟಿಗೆಯ ಬಣ್ಣ, ಅಭಿಮಾನಿಗಳು ಒಪ್ಪಲಿಕ್ಕಿಲ್ಲ. ಹೊರಾಂಗಣದ ಬಿಸಿಲಿಗೆ ತಾಳುವ ಕೆಂಪು ಯಾವುದೆಂದು ತಯಾರಕರಿಂದ ಲಿಖಿತವಾಗಿ ತರಿಸಿಕೋ. ಹಲಗೆಯ ಮೇಲೆ ಮಾದರಿ ಬಳಿದು ಸಮಿತಿಯ ಸಹಿ ಪಡೆ. ಶೇಡ್ ಕಾರ್ಡ್ ನೋಡಿ ತಲೆಯಾಡಿಸಿದವರು ಗೋಡೆ ನೋಡಿ ಮುಖ ಸಿಂಡರಿಸುವುದುಂಟು.

ಆಳುಗಳ ಕೈಯಲ್ಲಿ ನೀರಿನ ಚೊಂಬು ಇದ್ದರೆ ಕಣ್ಣಿಟ್ಟಿರು. 1 ಲೀಟರ್ ಬಣ್ಣವನ್ನು 100 ಮೈಕ್ರಾನ್ (ಮಿಲಿಮೀಟರಿನ ಹತ್ತನೇ ಒಂದು ಭಾಗ) ದಪ್ಪಕ್ಕೆ ಎಳೆದರೆ 10 ಚದರ ಮೀಟರ್ ಆಗುತ್ತದೆ. ಆ ಬಣ್ಣದಲ್ಲಿ ಘನಾಂಶ ಗಾತ್ರದ ಲೆಕ್ಕದಲ್ಲಿ ಶೇ. 40 ಇದ್ದರೆ ಒಣಗಿದ ಮೇಲೆ ಉಳಿಯುವುದು 40 ಮೈಕ್ರಾನ್ ಮಾತ್ರ. ಲೀಟರಿಗೆ 200 ಮಿಲಿಲೀಟರ್ ನೀರು ಬೆರೆಸಿ ಅಷ್ಟೇ ದಪ್ಪಕ್ಕೆ ಎಳೆದರೆ ಅದು ಸುಮಾರು 33ಕ್ಕೆ ಇಳಿಯುತ್ತದೆ. ಡಬ್ಬದ ಮೇಲೆ ತಯಾರಕರು ಹೇಳಿದಷ್ಟೇ ಬೆರೆಸಬೇಕು, ಅದಕ್ಕಿಂತ ಹನಿ ಹೆಚ್ಚಲ್ಲ.

ಮೆಟ್ಟಿಲುಗಳಿಗೆ ಹೊಳಪಿನ ಬಣ್ಣ ಬೇಡವೇ ಬೇಡ. ಗೋಲು ಬಿದ್ದಾಗ ಜನ ನೋಡಿಕೊಂಡು ಕಾಲಿಡುವುದಿಲ್ಲ. ಮಳೆಯಲ್ಲಿ ಒಂದು ಮಗು ಜಾರಿ ಬಿದ್ದರೆ ನಿನ್ನ ಬಣ್ಣದ ಚಂದ ಯಾರಿಗೆ ಬೇಕು? ಸಿಲಿಕಾ ಮರಳು ಬೆರೆತ, ಜಾರದ ಲೇಪನವನ್ನೇ ಹಾಕು. ಗಟ್ಟಿ ಎಂದುಕೊಂಡು ಎಪಾಕ್ಸಿ ಎಂಬ ರಾಳದ ಲೇಪನವನ್ನು ಬಿಸಿಲಿಗೆ ಒಡ್ಡಬೇಡ, ಪುಡಿಯೇಳುತ್ತದೆ.

ಈಗ ಆಸ್ಪತ್ರೆ. ಇದೇ ನನ್ನ ಮುಖ್ಯ ತಕರಾರು. ರೋಗಿಗಳನ್ನು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಸಾಗಿಸಿ ನಿನಗಾಗಿ ಜಾಗ ಖಾಲಿ ಮಾಡಿಕೊಟ್ಟಿದ್ದಾರೆ. ನೀನು ಸಾರವೆ ಕಟ್ಟಿ ಬಿಟ್ಟುಹೋದರೆ ಅಷ್ಟೂ ದಿನ ಆ ಹಾಸಿಗೆಗಳು ಖಾಲಿ. ಅಲ್ಲಿಯ ಆಡಳಿತದವರು ನಮ್ಮ ತಂಡದ ಅಭಿಮಾನಿಗಳೇ ಆಗಿರಬಹುದು, ನಕ್ಕು ಒಪ್ಪಿಕೊಳ್ಳಲೂಬಹುದು. ಆದರೆ ಮುಂದಿನ ಗುತ್ತಿಗೆ ಕೊಡುವಾಗ ಅವರಿಗೆ ನೆನಪಾಗುವುದು ನಿಂತ ಕೆಲಸ. ಅಲ್ಲಿ ಒಪ್ಪಿದ ದಿನಾಂಕ ಮೊದಲು. ಅಲ್ಲಿಯ ಮೇಸ್ತ್ರಿಯನ್ನು ಕದಲಿಸಬೇಡ. ಕ್ರೀಡಾಂಗಣಕ್ಕೆ ಬೇರೊಂದು ಸಣ್ಣ ತಂಡ ಕಟ್ಟಲು ಆಗುತ್ತದೆಯೇ ನೋಡು. ಆಗದಿದ್ದರೆ ಪಂದ್ಯಕ್ಕೆ ಮೊದಲು ಮುಖ್ಯದ್ವಾರವನ್ನಷ್ಟೇ ಚೊಕ್ಕವಾಗಿ ಮುಗಿಸಿ, ಉಳಿದದ್ದನ್ನು ಗಾರೆ ಒಣಗಿದ ಮೇಲೆ ಮಾಡುತ್ತೇನೆಂದು ಸಮಿತಿಗೆ ನೇರವಾಗಿ ಹೇಳು. ಎರಡು ಗೋಡೆ ಹಳೆಯ ಬಣ್ಣದಲ್ಲಿದ್ದರೆ ಹುಡುಗರ ಕಾಲಿನ ವೇಗವೇನೂ ತಗ್ಗುವುದಿಲ್ಲ.

ಹಣದ ಮಾತು ಆಡುವುದಿಲ್ಲ ಎನ್ನುವುದು ಕೇಳಲು ದೊಡ್ಡತನ. ವ್ಯವಹಾರದಲ್ಲಿ ಅದು ಜಗಳದ ಬೀಜ. ನಿನ್ನ ಆಳುಗಳಿಗೆ ಕೂಲಿ ವಾರಕ್ಕೊಮ್ಮೆ ಹೋಗಬೇಕು, ದೊಡ್ಡ ಕಟ್ಟಡಗಳ ಬಿಲ್ಲು ತಿಂಗಳು ಕಳೆದು ಬರುತ್ತದೆ, ಅದರಲ್ಲೂ ಒಂದು ಭಾಗವನ್ನು ಕೆಲಸ ಮುಗಿದ ಮೇಲೂ ತಡೆಹಿಡಿಯುತ್ತಾರೆ. ಈ ನಡುವಿನ ಅಂತರದಲ್ಲೇ ಎಷ್ಟೋ ಒಳ್ಳೆಯ ಕೆಲಸಗಾರರ ಅಂಗಡಿ ಮುಚ್ಚಿದ್ದನ್ನು ನೋಡಿದ್ದೇನೆ. ಆದ್ದರಿಂದ ಗ್ಯಾಲರಿಗೂ ಪೂರ್ತಿ ಬಿಲ್ಲು ಬರೆ. ಸಾಮಗ್ರಿ, ಕೂಲಿ, ಸಾರವೆ ಎಲ್ಲವೂ ಅದರಲ್ಲಿರಲಿ. ಕೆಳಗೆ ನೀನು ಬಿಡುವ ಮೊತ್ತವನ್ನು ದೇಣಿಗೆ ಎಂದು ಬೇರೆ ಸಾಲಿನಲ್ಲಿ ತೋರಿಸು. ಆಳುಗಳ ಕೂಲಿ ಮಾತ್ರ ದೇಣಿಗೆಯಲ್ಲಿ ಸೇರಬಾರದು. ಅಭಿಮಾನ ನಿನ್ನದು, ಅವರ ಮನೆ ಬಾಡಿಗೆಯದಲ್ಲ.

ಅಮೆರಿಕದ ಗ್ರೀನ್ ಬೇ ಎಂಬ ಊರಿನ ಅಮೆರಿಕನ್ ಫುಟ್‌ಬಾಲ್ ತಂಡದ ಕಥೆ ನಿನಗೆ ಗೊತ್ತಿರಬೇಕು. 1919ರಲ್ಲಿ ತಂಡ ಶುರುವಾದಾಗ ಜರ್ಸಿಗೆ ಹಣ ಕೊಟ್ಟದ್ದು ಆ ಊರಿನ ಇಂಡಿಯನ್ ಪ್ಯಾಕಿಂಗ್ ಕಂಪನಿ, ಅದರಿಂದಲೇ ತಂಡಕ್ಕೆ ಪ್ಯಾಕರ್ಸ್ ಎಂಬ ಹೆಸರು. ಕೆಲವೇ ವರ್ಷಗಳಲ್ಲಿ ಆ ಕಂಪನಿ ಬೇರೆಯವರ ಪಾಲಾಯಿತು, ಹೆಸರು ಮಾತ್ರ ತಂಡದಲ್ಲಿ ಇಂದಿಗೂ ಇದೆ. 1923ರಲ್ಲಿ ಊರಿನವರು ಷೇರು ಕೊಂಡು ತಂಡವನ್ನು ಲಾಭರಹಿತ ಸಂಸ್ಥೆಯಾಗಿ ಉಳಿಸಿಕೊಂಡರು. ಒಂದು ಲಕ್ಷದಷ್ಟು ಜನರಿರುವ ಊರಿನ ಆ ತಂಡಕ್ಕೆ ಇಂದು ಐದು ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಲಾಭಾಂಶ ಸಿಗುವುದಿಲ್ಲ, ಲಾಭಕ್ಕೆ ಮಾರಲೂ ಆಗುವುದಿಲ್ಲ ಎಂದು ತಿಳಿದೇ ಕೊಂಡವರು ಅವರು. ನನಗೆ ಇದರಲ್ಲಿ ಹಿಡಿಸುವುದು ಆ ಪಾರದರ್ಶಕತೆ. ಕೊಡುವವನು ಏನು ಕೊಡುತ್ತಿದ್ದಾನೆ, ಪ್ರತಿಯಾಗಿ ಏನೂ ಬರುವುದಿಲ್ಲ ಎಂಬುದು ಮೊದಲೇ ಸ್ಪಷ್ಟ. ನಿನ್ನ ದೇಣಿಗೆಯೂ ಹಾಗಿರಲಿ. ಗ್ಯಾಲರಿ ಪುಕ್ಕಟೆ ಮಾಡಿಕೊಟ್ಟೆ, ಸಮಿತಿಯ ಸದಸ್ಯರು ತಮ್ಮ ಕಟ್ಟಡದ ಗುತ್ತಿಗೆ ನನಗೇ ಕೊಡಬೇಕು ಎಂಬ ಆಸೆ ಒಳಗೊಳಗೇ ಬೆಳೆಯಿತೆಂದರೆ ತಂಡವೂ ಕಹಿಯಾಗುತ್ತದೆ.

ತಂಡದ ಹುಡುಗರಿಗೆ ಬಿಡುವಿನ ತಿಂಗಳುಗಳಲ್ಲಿ ಕೆಲಸ ಕೊಡುತ್ತೇನೆ ಎಂದಿದ್ದೀಯೆ. ನಿನ್ನ ಪತ್ರದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಮಾತು ಅದು. ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ ಎಂಬ ಫುಟ್‌ಬಾಲ್ ತಂಡ ಬಾಸ್ಕ್ ಎಂಬ ತನ್ನ ನಾಡಿನ ನೆಲದಲ್ಲಿ ಹುಟ್ಟಿದ ಅಥವಾ ಅಲ್ಲಿ ಆಟ ಕಲಿತವರನ್ನೇ ಆಡಿಸುತ್ತದೆ. ಆದರೂ 1929ರಲ್ಲಿ ಸ್ಪೇನಿನ ಲೀಗ್ ಶುರುವಾದಂದಿನಿಂದ ಒಮ್ಮೆಯೂ ಮೇಲಿನ ದರ್ಜೆಯಿಂದ ಕೆಳಗಿಳಿದಿಲ್ಲ. ನಮ್ಮವರೆಂಬ ಪ್ರೀತಿಯೊಂದರಿಂದ ಅದು ಆಗಲಿಲ್ಲ. ಎಳೆಯರನ್ನು ಹಿಡಿದು ವರ್ಷಗಟ್ಟಲೆ ತಿದ್ದುವ ತರಬೇತಿ ಅದರ ಹಿಂದಿದೆ. ನಿನ್ನ ಹುಡುಗರಿಗೂ ಮೊದಲು ಕಲಿಸು. ಮೈ ಗಟ್ಟಿಯಿದೆ ಎಂದು ಮೊದಲ ದಿನವೇ ಸಾರವೆ ಹತ್ತಿಸಬೇಡ. ಇಡೀ ಮೈಗೆ ಸುರಕ್ಷಾ ಪಟ್ಟಿ ಕಟ್ಟುವುದು, ಮುಖಗವಸು ಹಾಕುವುದು, ಬ್ರಷ್ ತೊಳೆಯುವುದು ಮೊದಲು. ಹಳೆಯ ಕಟ್ಟಡದ ಬಣ್ಣವನ್ನು ಒಣದಾಗಿ ಉಜ್ಜಲು ಬಿಡಬೇಡ, ಅದರಲ್ಲಿ ಸೀಸ ಇರಬಹುದು. ಅದನ್ನು ಪರೀಕ್ಷೆ ಮಾಡಿಸಿ, ತೇವ ಮಾಡಿ ಕೆರೆಸು. ಆ ಶ್ವಾಸಕೋಶಗಳು ಆಟಗಾರರವು. ಬಣ್ಣ ಬಳಿಯುವ ವೃತ್ತಿಯನ್ನೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಸಾಲಿನಲ್ಲಿ, ಇಟ್ಟಿದೆ. ಮುಖಗವಸಿನ ಖರ್ಚಿನಲ್ಲಿ ಕೈ ಬಿಗಿ ಹಿಡಿಯುವವನು ನನ್ನ ಅಳಿಯ ಆಗಬಾರದು.

ಇನ್ನೊಂದು ಮಾತು. ಎದುರಾಳಿ ಊರಿನ ಶಾಲೆಯ ಕೆಲಸಕ್ಕೆ ದರ ಕೊಡಲು ನಿನಗೆ ಮನಸ್ಸಿಲ್ಲ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಕೊಡು. ಕೆಲಸ ನಿನಗೆ ಸಿಕ್ಕಿದರೆ ಅದನ್ನು ನಮ್ಮ ಗ್ಯಾಲರಿಗೆ ಮಾಡುವಷ್ಟೇ ನಿಷ್ಠೆಯಿಂದ ಮಾಡು. ಮೈದಾನದಲ್ಲಿ ಅವರ ವಿರುದ್ಧ ಎಷ್ಟು ಬೇಕಾದರೂ ಕೂಗು, ಅವರ ಮಕ್ಕಳು ಕೂರುವ ಕೋಣೆಯ ಗೋಡೆಗೂ ಪಂದ್ಯಕ್ಕೂ ಸಂಬಂಧವಿಲ್ಲ. ನಮ್ಮ ಊರಿನವರು ಚೆನ್ನಾಗಿ ಕೆಲಸ ಮಾಡುತ್ತಾರೆ ಎಂದು ಅವರ ಬಾಯಲ್ಲಿ ಬಂದರೆ, ಅದೂ ಊರಿಗೆ ಸಿಕ್ಕ ಕೀರ್ತಿಯೇ.

ಗ್ಯಾಲರಿಯ ಅಳತೆ ಮತ್ತು ಅಂದಾಜಿನ ಪ್ರತಿಯನ್ನು ಈ ವಾರವೇ ನನಗೆ ಕಳುಹಿಸು. ಕೆಂಪಿನ ಕೋಟುಗಳನ್ನು ತಿದ್ದಿಯೇ ಕಳುಹಿಸು. ಪ್ಲಾಸ್ಟಿಕ್ ಹಾಳೆಯನ್ನು ನಾಳೆ ಸಂಜೆಯೇ ಹಚ್ಚು, ಫಲಿತಾಂಶ ತಿಳಿಸು. ಸಮಿತಿಯವರು ಒತ್ತಾಯ ಮಾಡಿದರೆ ನನ್ನ ನಂಬರ್ ಕೊಡು, ನಾನೇ ಮಾತನಾಡುತ್ತೇನೆ. ಫೈನಲ್ ನೋಡಲು ನಾನೂ ನಿನ್ನ ಅತ್ತೆಯೂ ಬರುತ್ತೇವೆ. ಟಿಕೆಟ್ ದುಡ್ಡು ಕೊಟ್ಟೇ ತೆಗೆದಿರಿಸು. ಅಕ್ಕನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ
ಮಾವ