ಗ್ರೌಂಡ್‌ಗೆ ಬಿಡದ ಆ ಮೂರು ದಿನದ ಬಗ್ಗೆ

ಪ್ರಿಯ ಪೋಷಕರೇ, ನಮಸ್ಕಾರ.

ಕಳೆದ ವಾರ ಮೂರು ದಿನ ಹೊರಗಿನ ಗಾಳಿ ಸರಿ ಇಲ್ಲ ಅಂತ ಪಿಟಿ ಪೀರಿಯಡ್ ಒಳಗೇ ಮಾಡಿಸಿದ್ದಕ್ಕೆ ತುಂಬಾ ಜನ ಬೇಜಾರು ಮಾಡ್ಕೊಂಡಿದ್ದೀರ. ಗ್ರೂಪಲ್ಲಿ ಹಾಕಿದ ಸ್ಕ್ರೀನ್‌ಶಾಟ್ ಎಲ್ಲಾ ನೋಡಿದೀನಿ, ಗಾಳಿ ಹೇಗಿದೆ ಅಂತ ತೋರಿಸೋ ಆಪಲ್ಲಿ ಹಸಿರು, ಅಂದ್ರೆ ಚೆನ್ನಾಗಿದೆ ಅಂತ ಇದೆ, ಸ್ಪೋರ್ಟ್ಸ್ ಡೇ ಹತ್ರ ಬಂತು, ಮಕ್ಕಳನ್ನ ಯಾಕೆ ಕೂಡಿ ಹಾಕಿದೀರ ಅಂತ. ಪ್ರಾಕ್ಟೀಸ್ ಇಲ್ಲ ಅಂದಾಗ ಮಕ್ಕಳ ಮುಖ ಸಪ್ಪಗಾಗಿದ್ದನ್ನ ನಾನೂ ನೋಡಿದೀನಿ, ನಿಮ್ಮ ಸಿಟ್ಟು ತಪ್ಪು ಅನ್ನಲ್ಲ.

ಆದ್ರೆ ಆಪ್ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು. ಎಷ್ಟೋ ಆಪ್‌ಗಳು ತೋರಿಸೋದು 24 ಗಂಟೆ ಸರಾಸರಿ, ಅದೂ ದೂರದಲ್ಲಿರೋ ಯಾವುದೋ ಸ್ಟೇಷನ್‌ದು, ಸ್ಟೇಷನ್ ಇಲ್ಲದ ಕಡೆ ಕಂಪ್ಯೂಟರ್ ಲೆಕ್ಕದ ಅಂದಾಜು. ಬೆಳಗ್ಗೆ ತಣ್ಣನೆ ಗಾಳಿ ಮೇಲೇಳದೆ ಕೆಳಗೇ ನಿಂತಿರುತ್ತೆ, ಗಾಡಿಗಳ ಹೊಗೆಯೂ ಅದರಲ್ಲೇ ಸೇರ್ಕೊಳ್ಳುತ್ತೆ, ಮಕ್ಕಳು ಓಡೋದು ಸರಿಯಾಗಿ ಆ ಹೊತ್ತಿಗೇ. ನಮ್ಮ ಗ್ರೌಂಡ್ ಪಕ್ಕದ ಸೆನ್ಸರ್ ಲೇಸರ್ ಬೆಳಕಲ್ಲಿ ಕಣ ಎಣಿಸೋ ಸಣ್ಣ ಮಷೀನು. ಮಂಜು ಇದ್ದಾಗ ಅದು ನೀರಿನ ಹನಿಯನ್ನೂ ಧೂಳು ಅಂತ ಲೆಕ್ಕ ಹಾಕಿ ಜಾಸ್ತಿ ತೋರಿಸುತ್ತೆ, ಆ ಕೊರತೆ ಇದೆ. ಅದಕ್ಕೇ ಒಂದು ಗಂಟೆ ರೀಡಿಂಗ್ ನೋಡಿ, ಹತ್ತಿರದ ಸರ್ಕಾರಿ ಸ್ಟೇಷನ್‌ನ ಅದೇ ಗಂಟೆಯದಕ್ಕೆ ಹೋಲಿಸಿ ಆಮೇಲೆ ತೀರ್ಮಾನ ಮಾಡ್ತೀವಿ. ಮೊದಲ ಎರಡು ದಿನ ಎರಡೂ ಕಡೆ ಏರಿತ್ತು. ಪಿಎಂ 2.5, ಅಂದ್ರೆ 2.5 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗಕ್ಕೆ ಒಂದು ಮೈಕ್ರಾನ್) ಅಥವಾ ಅದಕ್ಕಿಂತ ಸಣ್ಣ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) 2021ರಲ್ಲಿ ಹೇಳಿದ ದಿನದ ಮಿತಿ ಒಂದು ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ, ನಾವು ಅಷ್ಟು ಬಿಗಿ ಹಿಡಿದ್ರೆ ಗ್ರೌಂಡ್ ತೆಗೆಯೋ ದಿನಾನೇ ಕಮ್ಮಿ ಆಗ್ಬಿಡುತ್ತೆ, ಹಾಗಾಗಿ ತೀರಾ ಕೆಟ್ಟ ಗಂಟೆಗಳಲ್ಲಿ ಮಾತ್ರ ಬಿಡಲ್ಲ.

ಮೂರನೇ ದಿನ ನಂಬರ್ ಕಮ್ಮಿನೇ ಇತ್ತಲ್ಲ ಅಂತ ಒಬ್ಬ ತಂದೆ ಕೇಳಿದ್ರು. ನಿಜ, ಇತ್ತು. ಆದ್ರೆ ಹಿಂದಿನ ದಿನ ಸಂಜೆ ಇಬ್ಬರು ಮಕ್ಕಳು ಕಣ್ಣು ಊದಿಸ್ಕೊಂಡು, ಸೀನ್ತಾ ಮನೆಗೆ ಹೋಗಿದ್ರು, ಅದು ಹೂವಿನ ಪರಾಗದ ಅಲರ್ಜಿ ಇರ್ಬಹುದು ಅನ್ನಿಸ್ತು. ಪರಾಗದ ಕಣ ಸಾಮಾನ್ಯವಾಗಿ 10ರಿಂದ 100 ಮೈಕ್ರಾನ್ ದಪ್ಪ ಇರುತ್ತೆ, ಪಿಎಂ 2.5 ನಂಬರಲ್ಲಿ ಅದು ಬರೋದೇ ಇಲ್ಲ. ಅದನ್ನ ಎಣಿಸೋಕೆ ಈಗಲೂ ಬಹಳ ಕಡೆ 1952ರ ವಿಧಾನನೇ, ನಿಮಿಷಕ್ಕೆ 10 ಲೀಟರ್ ಗಾಳಿ ಎಳೆದು ಅಂಟಿನ ಟೇಪ್ ಮೇಲೆ ಕೂರಿಸಿ ಆಮೇಲೆ ಯಾರೋ ಮೈಕ್ರೋಸ್ಕೋಪಲ್ಲಿ ಒಂದೊಂದಾಗಿ ಎಣಿಸ್ಬೇಕು, ಲೆಕ್ಕ ಕೈಗೆ ಬರೋ ಹೊತ್ತಿಗೆ ಆ ದಿನ ಮುಗಿದಿರುತ್ತೆ. ಹಾಗಾಗಿ ಹುಲ್ಲು ಹೂ ಬಿಡೋ ಕಾಲ, ಒಣ ಗಾಳಿ, ಮಕ್ಕಳ ಕಣ್ಣು ಮೂಗು, ಇಷ್ಟು ನೋಡಿಯೇ ನಿರ್ಧಾರ ಮಾಡ್ಬೇಕಾಯ್ತು. ಗುಡುಗು ಮಳೆ ಮುಂಚೆ ಮಕ್ಕಳನ್ನ ಒಳಗೆ ಕರೆಯೋದೂ ಬರೀ ಸಿಡಿಲಿನ ಭಯಕ್ಕಲ್ಲ. ಮೆಲ್ಬರ್ನಲ್ಲಿ 2016ರ ನವೆಂಬರ್ 21ರ ಸಂಜೆ ಬಿರುಗಾಳಿ ಮಳೆಗೆ ಹುಲ್ಲಿನ ಪರಾಗ ಒಡೆದು ಚೂರಾಗಿ ಶ್ವಾಸಕೋಶದ ಆಳಕ್ಕೆ ಇಳಿದು ಸಾವಿರಾರು ಜನ ಆಸ್ಪತ್ರೆಗೆ ಓಡಿದ್ರು, 10 ಜನ ತೀರ್ಕೊಂಡ್ರು. ತಮಗೆ ಉಬ್ಬಸ ಇದೆ ಅಂತಾನೇ ಗೊತ್ತಿಲ್ಲದವರೂ ಆಸ್ಪತ್ರೆಗೆ ಹೋದವರಲ್ಲಿ ಎಷ್ಟೋ ಜನ ಇದ್ರು.

ಅದಕ್ಕೇ ಮತ್ತೊಮ್ಮೆ ಹೇಳ್ತೀನಿ, ಗ್ರೌಂಡ್ ಇದೆಯಾ ಇಲ್ವಾ ಅನ್ನೋದು ಬೆಳಗ್ಗೆ ಶಾಲೆಯಲ್ಲೇ ನಿರ್ಧಾರ ಆಗುತ್ತೆ, ಸ್ಕ್ರೀನ್‌ಶಾಟ್ ನೋಡಿ ಬದಲಾಯಿಸಲ್ಲ. ದಯವಿಟ್ಟು ಇದನ್ನ ಹಟ ಅಂದ್ಕೋಬೇಡಿ. ಮಕ್ಕಳು ಬಯಲಲ್ಲಿ ಆಡ್ಬೇಕು ಅಂತ ನಿಮಗಿರೋ ಆಸೆನೇ ನನಗೂ ಇದೆ, ಗಾಳಿ ತಿಳಿಯಾದ ದಿನ ಒಂದು ಪೀರಿಯಡ್ ಜಾಸ್ತಿನೇ ಆಡಿಸ್ತೀವಿ, ತಪ್ಪಿದ ಪ್ರಾಕ್ಟೀಸ್ ಶನಿವಾರ ಸೇರಿಸ್ಕೊಳ್ತೀವಿ. ಆದ್ರೆ ಒಂದು ಮಗು ಉಸಿರಿಗೆ ಒದ್ದಾಡೋ ಪರಿಸ್ಥಿತಿ ತಂದು ಆಮೇಲೆ ನಿಮ್ಮ ಮುಂದೆ ನಿಲ್ಲೋಕೆ ನನ್ನಿಂದ ಆಗಲ್ಲ. ನಮ್ಮ ಮೆಸೇಜ್ ಆ ಮೂರು ದಿನವೂ ತಡವಾಗಿ ಬಂತು, ಅದು ನಮ್ಮ ತಪ್ಪು, ಕ್ಷಮಿಸಿ. ಇನ್ಮೇಲೆ 8 ಗಂಟೆ ಒಳಗೆ ಬರುತ್ತೆ.

ಉಬ್ಬಸ ಅಥವಾ ಅಲರ್ಜಿ ಇರೋ ಮಕ್ಕಳ ಇನ್ಹೇಲರ್ ಮತ್ತೆ ಡಾಕ್ಟರ್ ಚೀಟಿ, ಮಗುವಿನ ಹೆಸರು ಬರೆದು, ಸೋಮವಾರದೊಳಗೆ ಕ್ಲಾಸ್ ಟೀಚರ್ ಕೈಗೆ ಕೊಡಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ