ಹುಳ ಎಣಿಸಿದ್ದು ಮುಗಿಯಿತು

ಮೊನ್ನೆ ನನ್ನ ಪಿಎಚ್‌ಡಿ ವೈವಾ ಆಯಿತು. ಮೂಡಿಗೆರೆಯ ಕಾಫಿ ತೋಟದ ಹುಡುಗಿ ಮಂಗಳೂರಿನ ಕಡಲ ತಳದ ಕೆಸರಿನಲ್ಲಿ ಹುಳು ಹುಡುಕಿದ್ದು ಊರವರಿಗೆ ಈಗಲೂ ತಮಾಷೆ. "ಹುಳ ಎಣಿಸೋಕೆ ಆರು ವರ್ಷ ಬೇಕೇನೇ?" ಎಂದು ಅಜ್ಜಿ ಕೇಳುತ್ತಿದ್ದರು. ಬೇಕು ಅಜ್ಜಿ.

ಕಡಲಿಗೆ ಎಷ್ಟು ಕೊಳೆ ಸೇರಿದೆ ಎಂದು ತಿಳಿಯಲು ಹುಳುಗಳನ್ನೇ ಕೇಳಬೇಕು. ಬಾಟಲಿಯಲ್ಲಿ ತುಂಬಿದ ನೀರು ಆ ಹೊತ್ತಿನ ಸುದ್ದಿಯಷ್ಟೇ ಹೇಳುತ್ತದೆ. ಮೀನು ಈಜಿ ತಪ್ಪಿಸಿಕೊಳ್ಳುತ್ತದೆ. ಕೆಸರಲ್ಲಿ ಹುದುಗಿದ ಹುಳು ಎಲ್ಲಿಗೆ ಹೋದೀತು? ಬಂದದ್ದನ್ನೆಲ್ಲ ಉಣ್ಣಲೇಬೇಕು. ಚರಂಡಿ ಕೊಳೆ ಜಾಸ್ತಿಯಾಗಿ ಆಮ್ಲಜನಕ ಇಳಿದರೆ, ಆಂಫಿಪಾಡ್ ಎಂಬ ಸೀಗಡಿಯಂಥ ಪುಟಾಣಿಗಳು ಬೇಗ ಕಾಣೆಯಾಗುತ್ತವೆ. ಎರೆಹುಳುವಿನ ದೂರದ ನೆಂಟ ಕ್ಯಾಪಿಟೆಲ್ಲಾ ಮಾತ್ರ ಅಲ್ಲೇ ಸಾವಿರಗಟ್ಟಲೆ ಹೆಚ್ಚುತ್ತದೆ. ಪಿಯರ್ಸನ್ ಮತ್ತು ರೋಸೆನ್‌ಬರ್ಗ್ ಎಂಬ ವಿಜ್ಞಾನಿಗಳು 1978ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ಆದರೂ ಒಂದೊಂದನ್ನೂ ಸೂಕ್ಷ್ಮದರ್ಶಕದಡಿ ಇಟ್ಟು ಎಣಿಸುವ ಕಷ್ಟ ತಪ್ಪಿಲ್ಲ!

ಕಡಲ ತಳದ ಕೆಸರು ಬಾಚಿ ತರುವ ಗ್ರಾಬ್ ಎಂಬ ಸಲಕರಣೆ ಇಳಿಸಿದರೆ ಎಷ್ಟೋ ಸಲ ಬಾಯಿಗೆ ಚಿಪ್ಪು ಸಿಕ್ಕಿಕೊಂಡು, ಕೆಸರೆಲ್ಲ ಸೋರಿ ಬರಿದೇ ಮೇಲೆ ಬರುತ್ತಿತ್ತು. "ಇನ್ನೊಮ್ಮೆ ಹಾಕಿ ಮೇಡಂ, ನಮ್ಮ ಬಲೆಯೂ ಹೀಗೇ" ಎಂದು ಬೋಟ್ ನಿಲ್ಲಿಸಿ ಕಾದ ತಾಂಡೇಲಣ್ಣನಿಗೆ ಥ್ಯಾಂಕ್ಸ್. ಸೊಂಟ ಬೀಳುವವರೆಗೆ ಅರ್ಧ ಮಿಲಿಮೀಟರ್ ಜರಡಿ ಹಿಡಿದ ಲ್ಯಾಬ್ ಗೆಳತಿಯರಿಗೂ. ಚಾರ್ಮಾಡಿ ಬಸ್ಸಿನಲ್ಲಿ ನನ್ನ ಫಾರ್ಮಲಿನ್ ವಾಸನೆ ಸಹಿಸಿಕೊಂಡವರಿಗೆ ಕ್ಷಮೆಯನ್ನೂ ಕೇಳಬೇಕು.

ಮೂರನೇ ವರ್ಷ ಡಬ್ಬಿಗಳ ಮುಚ್ಚಳ ನಾನೇ ಸರಿಯಾಗಿ ಹಾಕದೆ, ಒಂದಿಡೀ ಸೀಸನ್ನಿನ ಮಾದರಿಗಳು ಒಣಗಿಹೋದವು. ಬಿಟ್ಟುಬಿಡುತ್ತೇನೆ ಅಂತ ಅತ್ತೆ. ನನ್ನ ಗೈಡ್ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಮಳೆ ಬಿಟ್ಟ ಮೇಲೆ ಮತ್ತೆ ಬೋಟ್ ಹೇಳು" ಎಂದರು, ಅಷ್ಟೇ. ಸರ್, ಆ ಮಾತು ಇಲ್ಲದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಕೊನೆಗೆ ಅಪ್ಪ. ಒಮ್ಮೆ ರಜೆಗೆ ಬಂದಾಗ ಸುಮ್ನೆ ನಮ್ಮ ಹಳ್ಳದ ಕಲ್ಲುಗಳನ್ನು ಎತ್ತಿ ನೋಡಿದ್ದೆ. ಮೇಲಿನ ಹರಿವಿನಲ್ಲಿ, ಶುದ್ಧ ನೀರನ್ನು ಬಯಸುವ ಮೇಫ್ಲೈ ಕೀಟದ ಮರಿಗಳು ತುಂಬಿದ್ದವು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರ್ ಯಂತ್ರದ ಕೊಳೆ ನೀರು ಸೇರುವ ಜಾಗದ ಕೆಳಗೆ ಬರೀ ಕೆಂಪು ಹುಳುಗಳು. ಅವುಗಳ ಮೈಯಲ್ಲಿ ಹಿಮೋಗ್ಲೋಬಿನ್ ಇರುತ್ತದೆ, ಉಸಿರು ಕಟ್ಟುವ ನೀರಲ್ಲೂ ಬದುಕುತ್ತವೆ. ಎರಡನ್ನೂ ಬಿಳಿ ತಟ್ಟೆಯಲ್ಲಿ ಹಾಕಿ ಅಪ್ಪನಿಗೆ ತೋರಿಸಿದೆ. ಅಪ್ಪ ತುಂಬ ಹೊತ್ತು ನೋಡಿದರು, ಮಾತಾಡಲಿಲ್ಲ. ಮುಂದಿನ ಕೊಯ್ಲಿಗೆ ಮೊದಲೇ ಪಲ್ಪರ್ ನೀರಿಗೆ ಬೇರೆ ಗುಂಡಿ ತೆಗೆಸಿದ್ದರು. ಖರ್ಚೆಷ್ಟು ಅಂತ ಇವತ್ತಿಗೂ ಹೇಳಿಲ್ಲ.

ಈ ಡಿಸೆಂಬರಿನಲ್ಲಿ ಮತ್ತೆ ಕಲ್ಲೆತ್ತಿ ನೋಡಬೇಕು. ತಟ್ಟೆ ತಾನೇ ಹಿಡಿದುಕೊಳ್ಳುತ್ತೇನೆ ಎಂದಿದ್ದಾರೆ ಅಪ್ಪ.