ಫೆಬ್ರವರಿ ರಜೆಗೆ ಯಾವ ದ್ವೀಪ ಅಂತ ತೀರ್ಮಾನ ಆಯ್ತು

ಹ್ಸಿಂಚು, ತೈವಾನ್

ಅಮ್ಮ, ಅಪ್ಪ ಇಬ್ಬರಿಗೂ ನಮಸ್ಕಾರ. ಪುಟ್ಟ, ನೀನೂ ಪೂರ್ತಿ ಓದು, ಅರ್ಧ ಪತ್ರ ನಿನಗೇ ಬರೆದಿರೋದು.

ನಾನು ಚೆನ್ನಾಗಿದೀನಿ. ಇಲ್ಲಿ ಚಳಿಗಿಂತ ಗಾಳಿ ಜಾಸ್ತಿ, ಈ ಊರು ಗಾಳಿಗೇ ಹೆಸರುವಾಸಿ, ಬಟ್ಟೆ ಒಣಗಾಕಿದ್ರೆ ಕ್ಲಿಪ್ ಸಮೇತ ಹಾರೋಗುತ್ತೆ. ಊಟ ತಿಂಡಿ ಎಲ್ಲ ಸರಿಯಾಗಿ ನಡೀತಿದೆ, ಮೊನ್ನೆ ಚಿತ್ರಾನ್ನ ಮಾಡಿ ಆಫೀಸಿಗೆ ತಗೊಂಡು ಹೋಗಿದ್ದೆ. ಫೋನಲ್ಲಿ ಈ ದ್ವೀಪದ ವಿಷಯ ಶುರು ಮಾಡಿದ್ರೆ ಅಮ್ಮ ನೀನು ಸಮುದ್ರ ಅಂದ ತಕ್ಷಣ ಹೆದರ್ತೀಯ, ಅಪ್ಪ ನೀವು ಅಟ್ಲಾಸ್ ಹುಡುಕಕ್ಕೆ ಎದ್ದು ಹೋಗ್ತೀರ, ಅಷ್ಟರಲ್ಲಿ ನನಗೆ ಮೀಟಿಂಗ್ ಬರುತ್ತೆ. ಅದಕ್ಕೆ ಕೂತು ಬರೀತಿದೀನಿ.

ಫೆಬ್ರವರಿಲಿ ಇಲ್ಲಿ ಚಾಂದ್ರಮಾನ ಹೊಸ ವರ್ಷದ ರಜೆ, ಫ್ಯಾಕ್ಟರಿ ನಡೀತಾನೇ ಇರುತ್ತೆ ಆದ್ರೆ ನಮ್ಮ ಟೀಮಿಗೆ ರಜೆ ಸಿಗುತ್ತೆ, ಅದರ ಜೊತೆ ನಾಲ್ಕು ದಿನ ನನ್ನ ರಜೆ ಸೇರಿಸ್ಕೋತೀನಿ. ಪುಟ್ಟ ಬೆಂಗಳೂರಿಂದ ಬರ್ತಾನೆ, ಇಬ್ಬರೂ ಸೇರಿ ಡೈವಿಂಗ್‌ಗೆ ಹೋಗೋದು. ಎಲ್ಲಿಗೆ ಅನ್ನೋದೇ ಇಷ್ಟು ದಿನ ತಲೆ ತಿಂತಾ ಇತ್ತು.

ಅಪ್ಪ, ಲಕ್ಷದ್ವೀಪ ಇರುವಾಗ ಅಷ್ಟು ದೂರ ಯಾಕೆ ಅಂತ ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆನೇ. ಅಮೀನ್‌ದೀವಿ ದ್ವೀಪಗಳೆಲ್ಲ, ಅಂದ್ರೆ ಅಮಿನಿ, ಕದ್ಮತ್, ಕಿಲ್ತಾನ್ ಕಡೆಯವು, 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ವು, ಮಂಗಳೂರಿಗೂ ಅಲ್ಲಿಗೂ ತೆಂಗಿನಕಾಯಿ, ಹುರಿ ಹಗ್ಗದ ವ್ಯಾಪಾರ ಹಳೇದು. ನನಗೂ ಅಲ್ಲಿಗೆ ಹೋಗ್ಬೇಕು ಅಂತ ತುಂಬಾ ಆಸೆ. ಆದ್ರೆ ಅದಕ್ಕೆ ಮುಂಚೆನೇ ಪರ್ಮಿಟ್ ತಗೋಬೇಕು, ತೈವಾನಿಂದ ಬಂದು ಹೋಗೋ ದಾರಿಲೇ ರಜೆ ಕರಗುತ್ತೆ, ಅದಕ್ಕಿಂತ ಹೆಚ್ಚಾಗಿ 2024ರ ಬಿಸಿಲಿಗೆ ಅಲ್ಲಿನ ಹವಳ ತುಂಬಾ ಬೆಳ್ಳಗಾಗಿ ಹೋಯ್ತು. ನೀರು ಮಾಮೂಲಿಗಿಂತ ಒಂದು ಡಿಗ್ರಿ ಜಾಸ್ತಿ ಬಿಸಿಯಾಗಿ ವಾರಗಟ್ಟಲೆ ಹಾಗೇ ಇದ್ರೆ ಸಾಕು, ಹವಳದ ಒಳಗಿರೋ ಪಾಚಿ, ಅದೇ ಹವಳಕ್ಕೆ ಬಣ್ಣ ಕೊಡೋದು ಊಟ ಕೊಡೋದು, ಅದನ್ನ ಹವಳ ಹೊರಗೆ ಹಾಕಿಬಿಡುತ್ತೆ, ಆಮೇಲೆ ಬೇಗ ನೀರು ತಣ್ಣಗಾದ್ರೆ ಉಳ್ಕೊಳುತ್ತೆ, ಇಲ್ಲಾಂದ್ರೆ ಉಪವಾಸ ಬಿದ್ದು ಸಾಯುತ್ತೆ. ಅಲ್ಲಿಗೆ ಇದು 1998, 2010, 2016ರಲ್ಲೂ ಬಿದ್ದ ಪೆಟ್ಟು. ಕೆಲವು ವರ್ಷ ಚೇತರಿಸ್ಕೊಳ್ಳಕ್ಕೆ ಬಿಟ್ಟು, ಊರಿಗೆ ಬಂದಾಗ ನಿಮ್ಮನ್ನೂ ಕರ್ಕೊಂಡು ಹೋಗೋಣ ಅಂತ ನನ್ನ ಲೆಕ್ಕ.

ಹಾಗಾಗಿ ಕೊನೆಗೆ ಉಳಿದಿದ್ದು ಮೂರು ಜಾಗ, ಟ್ರಕ್ ಲಗೂನ್ (ಲಗೂನ್ ಅಂದ್ರೆ ಹವಳದ ದಿಬ್ಬ ಸುತ್ತುವರಿದ ಸಮುದ್ರ), ಪಲಾವ್ ಅನ್ನೋ ದ್ವೀಪ ದೇಶ, ರಾಜಾ ಅಂಪಾಟ್.

ಟ್ರಕ್ ನಿಮಗೆ ಇಷ್ಟ ಆಗೋ ಜಾಗ ಅಪ್ಪ. ಪೆಸಿಫಿಕ್ ಸಾಗರದ ಮೈಕ್ರೋನೇಷಿಯಾದಲ್ಲಿದೆ, ಈಗ ಚೂಕ್ ಅಂತಾರೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ದೊಡ್ಡ ನೌಕಾನೆಲೆ ಅದು, 1944ರ ಫೆಬ್ರವರಿ 17 ಮತ್ತು 18ರಂದು ಅಮೆರಿಕದ ವಿಮಾನಗಳು ಬಂದು ಹಡಗುಗಳನ್ನ ಸಾಲಾಗಿ ಮುಳುಗಿಸಿದ್ವು, ಆಪರೇಷನ್ ಹೇಲ್‌ಸ್ಟೋನ್ ಅಂತ ಹೆಸರು. ಆ ಹಡಗುಗಳು ಈಗಲೂ ಅಲ್ಲೇ ನೀರಿನ ತಳದಲ್ಲಿ ಕೂತಿವೆ. ಫುಜಿಕಾವಾ ಮಾರು ಅನ್ನೋ ಹಡಗಿನ ಹೊಟ್ಟೆಲಿ ಜೀರೋ ಫೈಟರ್ ವಿಮಾನದ ಭಾಗಗಳು ಇವೆ, ಸ್ಯಾನ್ ಫ್ರಾನ್ಸಿಸ್ಕೋ ಮಾರು ಮೇಲೆ ಟ್ಯಾಂಕರ್‌ಗಳಲ್ಲ ಅಪ್ಪ, ಯುದ್ಧದ ಟ್ಯಾಂಕುಗಳೇ ನಿಂತಿವೆ. ನನಗೆ ಆಸೆ ಇದೆ, ಆದ್ರೆ ಈ ಸಲ ಆಗಲ್ಲ. ಅಮೆರಿಕಕ್ಕೆ ಸೇರಿದ ಗುವಾಮ್ ದ್ವೀಪದ ಮೇಲೆ ಹಾದು ಹೋಗ್ಬೇಕು, ಅದಕ್ಕೆ ನಮ್ಮ ಪಾಸ್‌ಪೋರ್ಟ್‌ಗೆ ಅಮೆರಿಕದ ವೀಸಾ ಬೇಕು, ಮತ್ತೆ ಪುಟ್ಟನ ಸರ್ಟಿಫಿಕೇಟ್‌ಗೆ 18 ಮೀಟರ್ ತನಕ ಮಾತ್ರ ಇಳೀಬಹುದು, ಅಲ್ಲಿ ನೋಡೋದೆಲ್ಲ ಹೆಚ್ಚಾಗಿ ಅದಕ್ಕಿಂತ ಆಳದಲ್ಲಿ. ಇನ್ನೊಂದು, ಆ ಹಡಗುಗಳಲ್ಲಿ ಸತ್ತವರ ಮೂಳೆಗಳು ಇನ್ನೂ ಇವೆ. ಅಂಥ ಕಡೆ ತಯಾರಾಗಿ, ನಿಧಾನವಾಗಿ ಹೋಗ್ಬೇಕು ಅನ್ಸುತ್ತೆ ನನಗೆ, ಮೊದಲನೇ ವಿದೇಶ ಡೈವ್‌ಗೆ ಬರೋ ಹುಡುಗನ್ನ ಕರ್ಕೊಂಡು ಅಲ್ಲ.

ಪಲಾವ್ ವಿಷಯದಲ್ಲಿ ನಿಜವಾಗ್ಲೂ ಮನಸ್ಸು ಓಲಾಡ್ತು. ತೈಪೇಯಿಂದ ನೇರ ವಿಮಾನ, ನಾಲ್ಕು ಗಂಟೆ ಹತ್ರ ಅಷ್ಟೇ, ಇಳಿದಾಗಲೇ ವೀಸಾ ಕೊಡ್ತಾರೆ, ಕೊರೊರ್ ಊರಲ್ಲಿ ಆಸ್ಪತ್ರೆ ಇದೆ, ಮಲೇರಿಯಾ ಕಾಟ ಇಲ್ಲ. ಅಮ್ಮ, ನೀನು ಓಟ್ ಹಾಕೋದಾದ್ರೆ ಪಲಾವ್‌ಗೇ ಹಾಕ್ತೀಯ ಅಂತ ಗೊತ್ತು. ಆ ದೇಶದವರ ಮೇಲೆ ನನಗೆ ತುಂಬಾ ಗೌರವ ಕೂಡ. ಒಟ್ಟು ಜನಸಂಖ್ಯೆ ಇಪ್ಪತ್ತು ಸಾವಿರವೂ ಇಲ್ಲ, ಅಂಥ ಪುಟ್ಟ ದೇಶ 2009ರಲ್ಲೇ ತನ್ನ ಸಮುದ್ರದಲ್ಲಿ ಶಾರ್ಕ್ ಹಿಡಿಯೋದನ್ನ ನಿಲ್ಲಿಸ್ತು, ಜಗತ್ತಲ್ಲೇ ಮೊದಲು. ಅಲ್ಲಿಗೆ ಹೋದವರ ಪಾಸ್‌ಪೋರ್ಟಲ್ಲಿ ಒಂದು ಪ್ರತಿಜ್ಞೆಯ ಮುದ್ರೆ ಹಾಕ್ತಾರೆ, ಪಲಾವ್‌ನ ಮಕ್ಕಳಿಗೆ ಮಾತು ಕೊಡೋ ಥರ ಬರೆದಿದೆ, ನಿಮ್ಮ ದ್ವೀಪ ಹಾಳು ಮಾಡಲ್ಲ ಅಂತ, ಅದಕ್ಕೆ ನಾವು ಸಹಿ ಹಾಕಿದ್ಮೇಲೇ ಒಳಗೆ ಬಿಡೋದು. 2020ರಿಂದ ಹವಳಕ್ಕೆ ವಿಷ ಆಗೋ ಸನ್‌ಸ್ಕ್ರೀನ್ ಕೂಡ ಅಲ್ಲಿ ನಿಷೇಧ.

ಅಲ್ಲೊಂದು ಕೆರೆ ಇದೆ ಅಮ್ಮ, ಸುಣ್ಣಕಲ್ಲಿನ ದ್ವೀಪದ ನಡುವೆ, ಅದರ ತುಂಬಾ ಬಂಗಾರದ ಬಣ್ಣದ ಜೆಲ್ಲಿ ಫಿಶ್. ಬೆಳಿಗ್ಗೆ ಸೂರ್ಯ ಯಾವ ಕಡೆಯೋ ಆ ಕಡೆಗೆ ಎಲ್ಲವೂ ಈಜ್ತಾವೆ, ಮಧ್ಯಾಹ್ನದ ಮೇಲೆ ಮತ್ತೆ ಈ ಕಡೆಗೆ, ದಡದ ಮರದ ನೆರಳು ಎಲ್ಲಿ ಶುರುವಾಗುತ್ತೋ ಅಲ್ಲಿಗೆ ನಿಂತುಬಿಡ್ತಾವೆ, ಯಾಕಂದ್ರೆ ನೆರಳಿನ ಅಂಚಲ್ಲಿ ಅವನ್ನ ತಿನ್ನೋ ಅನಿಮೋನ್ ಅನ್ನೋ ಜೀವಿ ಕಾಯ್ತಾ ಇರುತ್ತೆ. ಅಲ್ಲಿ ಸಿಲಿಂಡರ್ ಕಟ್ಕೊಂಡು ಇಳಿಯೋ ಹಾಗಿಲ್ಲ, ಸುಮಾರು 15 ಮೀಟರ್ ಕೆಳಗೆ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಾನಿಲ ತುಂಬಿರೋ ನೀರಿನ ಪದರ ಇದೆ, ಮೇಲೆ ಮೇಲೆ ಈಜ್ಬೇಕು ಅಷ್ಟೇ. 2016ರ ಬರಗಾಲದಲ್ಲಿ ಆ ಜೆಲ್ಲಿ ಫಿಶ್ ಹೆಚ್ಚುಕಮ್ಮಿ ಕಾಣೆಯೇ ಆಗಿದ್ವು, ಕೆರೆನ ಜನರಿಗೆ ಮುಚ್ಚಿದ್ರು, ಆಮೇಲೆ ತಿರುಗಿ ಬಂದ್ವು.

ಆದ್ರೂ ಪಲಾವ್ ಬೇಡ ಅಂದಿದ್ದು ಯಾಕೆ ಅಂದ್ರೆ, ಅಲ್ಲಿ ಹೆಸರಾದ ಡೈವ್ ಬ್ಲೂ ಕಾರ್ನರ್, ಅಲ್ಲಿ ನೀರಿನ ಸೆಳೆತ ಎಷ್ಟು ಜೋರು ಅಂದ್ರೆ ಹಗ್ಗದ ತುದಿಗೆ ಕಟ್ಟಿರೋ ಕೊಕ್ಕೆನ ಸತ್ತ ಬಂಡೆಗೆ ಸಿಕ್ಕಿಸಿ, ಇನ್ನೊಂದು ತುದಿನ ಜಾಕೆಟ್‌ಗೆ ಹಾಕ್ಕೊಂಡು, ಅಲ್ಲೇ ತೇಲ್ತಾ ನಿಂತು ಎದುರಿಗೆ ಹಾದು ಹೋಗೋ ಶಾರ್ಕ್ ನೋಡೋದು. ನೇತ್ರಾಣಿ ದ್ವೀಪದ ಹತ್ರ ಬಿಟ್ರೆ ಪುಟ್ಟ ಬೇರೆಲ್ಲೂ ಇಳಿದಿಲ್ಲ. ಮುರುಡೇಶ್ವರದಿಂದ ದೋಣಿಲಿ ಹೋಗಿ ಕಲಿತಿದ್ದು ಒಳ್ಳೇದೇ, ಅಲ್ಲಿ ನೀರು ಕೆಲವು ದಿನ ಮಬ್ಬಾಗಿರುತ್ತಲ್ಲ, ಅಂಥ ಕಡೆ ಕಲಿತವರು ಗಾಬರಿ ಆಗೋದು ಕಮ್ಮಿ. ಆದ್ರೆ ಕೊಕ್ಕೆ ಹಾಕೋವಷ್ಟು ಅಭ್ಯಾಸ ಇನ್ನೂ ಬೇಕು. ಮತ್ತೆ ದುಡ್ಡು, ಎಲ್ಲ ಡಾಲರ್‌ನಲ್ಲೇ, ಪರಿಸರದ ಶುಲ್ಕ 100 ಡಾಲರ್ ಟಿಕೆಟ್‌ನಲ್ಲೇ ಸೇರಿರುತ್ತೆ, ಅದು ಕೊಡ್ಬೇಕಾದ್ದೇ ಬಿಡಿ, ರೂಮು ದೋಣಿ ಪರ್ಮಿಟ್ ಎಲ್ಲ ಸೇರಿದ್ರೆ ಪುಟ್ಟನ ಸಂಬಳಕ್ಕೆ ಭಾರ.

ಹಾಗಾಗಿ ರಾಜಾ ಅಂಪಾಟ್. ಇಂಡೋನೇಷ್ಯಾದ ಪೂರ್ವದ ತುದಿ, ಪಪುವಾ. ಅಪ್ಪ, ಅಟ್ಲಾಸಲ್ಲಿ ಪಪುವಾ ಇರೋ ನ್ಯೂ ಗಿನಿ ದ್ವೀಪ ಒಂದು ಹಕ್ಕಿ ಥರ ಇದೆಯಲ್ಲ, ಅದರ ತಲೆಯ ಪಕ್ಕದಲ್ಲಿ ನೋಡಿ, ವೈಗಿಯೊ, ಬತಾಂತ, ಸಲಾವತಿ, ಮಿಸೂಲ್ ಅಂತ ನಾಲ್ಕು ದೊಡ್ಡ ದ್ವೀಪ, ಸುತ್ತ ಲೆಕ್ಕ ಇಲ್ಲದಷ್ಟು ಪುಟ್ಟವು. ಪೆಸಿಫಿಕ್ ಸಾಗರದ ಮಟ್ಟ ಹಿಂದೂ ಮಹಾಸಾಗರಕ್ಕಿಂತ ಸ್ವಲ್ಪ ಎತ್ತರ, ಆ ನೀರು ಇಂಡೋನೇಷ್ಯಾದ ದ್ವೀಪಗಳ ಸಂದಿಲಿ ಈ ಕಡೆಗೆ ಹರೀತಾನೇ ಇರುತ್ತೆ, ಜೊತೆಗೆ ಮೀನಿನ ಮರಿ, ಹವಳದ ಮರಿ, ಅವಕ್ಕೆ ಬೇಕಾದ ಆಹಾರ ಎಲ್ಲ ಹೊತ್ಕೊಂಡು ಬರುತ್ತೆ. ಅಲ್ಲಿ ಹವಳದ ಜಾತಿಗಳೇ 550ಕ್ಕಿಂತ ಜಾಸ್ತಿ. ಕ್ರಿ ದ್ವೀಪದ ಹತ್ರ ಜೆರಾಲ್ಡ್ ಆಲನ್ ಅನ್ನೋ ಮೀನು ವಿಜ್ಞಾನಿ ಒಂದೇ ಡೈವ್‌ನಲ್ಲಿ 374 ಜಾತಿ ಮೀನು ಗುರುತು ಮಾಡಿದ್ರು, ಒಂದೇ ಸಲ ನೀರಿಗೆ ಇಳಿದು ಮೇಲೆ ಬರೋ ಅಷ್ಟರಲ್ಲಿ!

ನನ್ನ ಮನಸ್ಸು ಗೆದ್ದಿದ್ದು ಮಾತ್ರ ಮೀನಿನ ಲೆಕ್ಕ ಅಲ್ಲ. ಅಲ್ಲಿ ಸಾಸಿ ಅಂತ ಒಂದು ಪದ್ಧತಿ ಇದೆ. ಊರಿನವರು ಸೇರಿ, ಚರ್ಚಲ್ಲಿ ಪ್ರಾರ್ಥನೆ ಮಾಡಿ, ಸಮುದ್ರದ ಒಂದು ಭಾಗನ ಇಷ್ಟು ತಿಂಗಳು ಮುಚ್ಚಿದೀವಿ ಅಂತ ಹೇಳ್ತಾರೆ, ಅಲ್ಲಿವರೆಗೆ ಸೀಗಡಿ, ಲಾಬ್‌ಸ್ಟರ್, ಸಮುದ್ರ ಸೌತೆ ಅನ್ನೋ ಜೀವಿ, ದೊಡ್ಡ ಶಂಖದ ಹುಳು ಯಾವುದನ್ನೂ ಯಾರೂ ಮುಟ್ಟಲ್ಲ. ಶೃಂಗೇರಿಲಿ ತುಂಗೆ ಮೆಟ್ಟಿಲ ಹತ್ರದ ಮೀನನ್ನ ಯಾರೂ ಹಿಡಿಯಲ್ವಲ್ಲ, ಪೊಲೀಸ್ ನಿಂತಿರ್ತಾರೆ ಅಂತ ಅಲ್ಲ, ಹಿಡೀಬಾರ್ದು ಅಂತ ಎಲ್ಲರಿಗೂ ಗೊತ್ತು, ಹಾಗೇ ಅದು. ಒಂದೇ ವ್ಯತ್ಯಾಸ, ಅವರು ಅವಧಿ ಮುಗಿದ್ಮೇಲೆ ಎಲ್ಲರೂ ಸೇರಿ ಬಾಗಿಲು ತೆಗೆದು ಬೇಕಾದಷ್ಟು ಹಿಡಿದು ಮತ್ತೆ ಮುಚ್ತಾರೆ. ಮಿಸೂಲ್ ದ್ವೀಪದ ಕಪಚೋಲ್ ಅನ್ನೋ ಊರಲ್ಲಿ ಹೆಂಗಸರದ್ದೇ ಒಂದು ಗುಂಪು ಇದೆ ಅಮ್ಮ, ಅವರ ಪಾಲಿನ ಸಮುದ್ರ ಯಾವಾಗ ಮುಚ್ಚೋದು, ಯಾವಾಗ ತೆಗೆಯೋದು ಅವರದ್ದೇ ತೀರ್ಮಾನ.

ಮತ್ತೆ ಉಳ್ಕೊಳೋದು ಹೋಟೆಲಲ್ಲಿ ಅಲ್ಲ, ಪಪುವಾದ ಕುಟುಂಬಗಳೇ ನಡೆಸೋ ಹೋಮ್‌ಸ್ಟೇಲಿ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮರದ ಗುಡಿಸಲು, ಮೇಲೆ ತಾಳೆ ಜಾತಿ ಗರಿ ಹೊದಿಕೆ, ನೆಲದ ಹಲಗೆ ಸಂದಿಲಿ ಕೆಳಗೆ ಮೀನು ಕಾಣ್ಸುತ್ತೆ, ಕರೆಂಟು ಸಂಜೆ ಜನರೇಟರ್ ಹಾಕಿದಾಗ. ಕೊಟ್ಟ ದುಡ್ಡು ಆ ಮನೆಗೇ ಹೋಗುತ್ತೆ. ಆ ಸಮುದ್ರ ಉಳಿದ್ರೆ ಅವರ ಮನೆ ನಡೆಯುತ್ತೆ ಅನ್ನೋ ಹಾಗಿದ್ರೆ ಅದಕ್ಕಿಂತ ದೊಡ್ಡ ಕಾವಲು ಇನ್ನೇನು ಬೇಕು ಹೇಳಿ. ಅಪಾಯನೂ ಕಮ್ಮಿ ಇಲ್ಲ ಆ ಜಾಗಕ್ಕೆ. 2017ರ ಮಾರ್ಚಲ್ಲಿ ಕ್ಯಾಲಿಡೋನಿಯನ್ ಸ್ಕೈ ಅನ್ನೋ ಪ್ರವಾಸಿ ಹಡಗು ಇಳಿತದ ಹೊತ್ತಲ್ಲಿ ಹವಳದ ಮೇಲೇ ಹತ್ತಿ ನಿಂತು ದೊಡ್ಡ ಭಾಗ ಪುಡಿ ಆಯ್ತು. ಆಮೇಲೆ ನಿಕ್ಕಲ್ ಗಣಿ, ಬ್ಯಾಟರಿಗೆ ಬೇಕಲ್ಲ ಅದು, ಪುಟ್ಟ ದ್ವೀಪಗಳ ಮೇಲೇ ಅಗೆಯಕ್ಕೆ ಶುರು ಮಾಡಿದ್ರು, ಮಳೆ ಬಂದಾಗ ಕೆಂಪು ಮಣ್ಣು ಕೊಚ್ಕೊಂಡು ಹೋಗಿ ಹವಳದ ಮೇಲೆ ಕೂರುತ್ತೆ. ಜನ ಗಲಾಟೆ ಮಾಡಿದ ಮೇಲೆ 2025ರ ಜೂನಲ್ಲಿ ನಾಲ್ಕು ಕಂಪನಿಗಳ ಪರವಾನಗಿ ಸರ್ಕಾರ ರದ್ದು ಮಾಡ್ತು. ಕುದುರೆಮುಖ ನೋಡಿದ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಇನ್ನು ಅಮ್ಮನ ಪ್ರಶ್ನೆಗಳು. ಸೆಳೆತ ಅಲ್ಲೂ ಇದೆ, ಆದ್ರೆ ದಿಬ್ಬದ ಮರೆ ಇರೋ ಜಾಗಗಳೂ ತುಂಬಾ ಇವೆ. ಅರ್ಬೊರೆಕ್ ಅನ್ನೋ ಪುಟ್ಟ ಊರಿನ ಜೆಟ್ಟಿ ಕೆಳಗೇ ಡೈವ್ ಮಾಡ್ಬಹುದು, ಕಂಬಗಳ ಮಧ್ಯ ಮೀನಿನ ಹಿಂಡು ನಿಂತಿರುತ್ತೆ. ಅದರ ಹತ್ರನೇ ಮಂಟಾ ರೇ ಅನ್ನೋ ದೊಡ್ಡ ಚಪ್ಪಟೆ ಮೀನು ಬರೋ ಮರಳಿನ ಜಾಗ, ರೆಕ್ಕೆ ಮೂರು ನಾಲ್ಕು ಮೀಟರ್ ಅಗಲ ಇರುತ್ತೆ, ಕಚ್ಚಲ್ಲ, ಮುಳ್ಳೂ ಇಲ್ಲ. ಅಲ್ಲಿ ಹವಳದ ಚೂರಿಂದ ಗೆರೆ ಹಾಕಿದಾರೆ, ಗೆರೆ ಈಚೆ ಮರಳಲ್ಲಿ ಮಂಡಿ ಊರಿ ಸುಮ್ನೆ ಕೂರ್ಬೇಕು, ಆಚೆ ಅವು ಬಂದು ಬಂಡೆ ಮೇಲೆ ನಿಧಾನಕ್ಕೆ ತೇಲ್ತಾ ನಿಂತ್ರೆ ಸಣ್ಣ ಮೀನು ಬಂದು ಅವುಗಳ ಮೈ, ಕಿವಿರು ಎಲ್ಲ ಕ್ಲೀನ್ ಮಾಡ್ತಾವೆ. ಪುಟ್ಟನಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ.

ಮಲೇರಿಯಾ ಇದೆ, ಹೌದು. ಡಾಕ್ಟರ್ ಹತ್ರ ಹೋಗಿ ಮಾತ್ರೆ ಬರೆಸ್ಕೋತೀವಿ. ಪುಟ್ಟ, ಡೈವಿಂಗ್‌ಗೆ ಹೋಗೋದು ಅಂತ ಮರೀದೆ ಹೇಳು, ಮೆಫ್ಲೋಕ್ವಿನ್ ಕೊಟ್ರೆ ಬೇಡ ಅನ್ನು, ಅದರಿಂದ ತಲೆ ಸುತ್ತು ಬಂದ್ರೆ ಅದು ಮಾತ್ರೆದಾ ಡೈವಿಂಗ್‌ದಾ ಗೊತ್ತಾಗಲ್ಲ. ಸೊಳ್ಳೆ ಪರದೆ ಅಲ್ಲೇ ಇರುತ್ತೆ. ಡೈವಿಂಗ್ ಇನ್ಶೂರೆನ್ಸ್ ಇಬ್ಬರಿಗೂ ನಾನೇ ಮಾಡಿಸ್ತೀನಿ, ದೊಡ್ಡ ಆಸ್ಪತ್ರೆ ದೂರ ಇರೋ ಕಡೆ ಅದಿಲ್ಲದೆ ನೀರಿಗೆ ಕಾಲಿಡಲ್ಲ. ಪ್ರತಿ ಸಲ ಮೇಲೆ ಬರುವಾಗ 5 ಮೀಟರಲ್ಲಿ ಮೂರು ನಿಮಿಷ ನಿಲ್ತೀವಿ, ಒಳಗೆ ಸೇರಿದ ನೈಟ್ರೋಜನ್ ನಿಧಾನಕ್ಕೆ ಹೊರಗೆ ಹೋಗ್ಲಿ ಅಂತ.

ದಾರಿ ಉದ್ದ. ಪುಟ್ಟ ಜಕಾರ್ತಾಗೆ ಬರ್ತಾನೆ, ನಾನೂ ಅಲ್ಲಿಗೆ ಬರ್ತೀನಿ, ಅಲ್ಲಿಂದ ರಾತ್ರಿ ವಿಮಾನದಲ್ಲಿ ಪಪುವಾದ ಸೊರೊಂಗ್ ಊರು, ಅಲ್ಲಿಂದ ವೈಗಿಯೊ ದ್ವೀಪದ ವೈಸಾಯ್‌ಗೆ ಫೆರ್ರಿ ಎರಡು ಗಂಟೆ, ಆಮೇಲೆ ಹೋಮ್‌ಸ್ಟೇಯವರ ದೋಣಿ. ವಾಪಸ್ ಬರುವಾಗ ಕೊನೇ ಡೈವ್ ಆದ್ಮೇಲೆ ಕಮ್ಮಿ ಅಂದ್ರೂ 18 ಗಂಟೆ ವಿಮಾನ ಹತ್ತಬಾರದು, ನಾವು ಪೂರ್ತಿ ಒಂದು ದಿನ ಬಿಡ್ತಿದೀವಿ. ಆ ದಿನ ವೈಗಿಯೊ ಕಾಡಿಗೆ ಬೆಳಗಿನ ಜಾವ ಹೋಗಿ ಕೆಂಪು ಸ್ವರ್ಗದ ಹಕ್ಕಿ ಕುಣಿಯೋದನ್ನ ನೋಡೋದು, ಈ ಭೂಮಿ ಮೇಲೆ ಆ ಹಕ್ಕಿ ಇರೋದೇ ಆ ಮೂಲೆಲಿ. ಅಪ್ಪ, ನಿಮ್ಮ ಹಳೇ ಬೈನಾಕ್ಯುಲರ್ ಪುಟ್ಟನ ಕೈಲಿ ಕಳಿಸಿ.

ಊಟಕ್ಕೆ ಅನ್ನ, ಮೀನು, ಪರಂಗಿ ಸೊಪ್ಪಿನ ಪಲ್ಯ, ಹುದುಗಿಸಿದ ಸೋಯಾ ಕಾಳಿನ ಟೆಂಪೆ ಇರುತ್ತಂತೆ. ನಾನು ಮೀನು ತಿನ್ನಲ್ಲ ಅಂತ ಮುಂಚೆನೇ ಬರೆದು ತಿಳಿಸಿದೀನಿ, ಸೊಪ್ಪು, ಮೊಟ್ಟೆ ಮಾಡಿ ಕೊಡ್ತೀವಿ ಅಂದಿದಾರೆ. ಅಮ್ಮ, ಆದ್ರೂ ಪುಟ್ಟನ ಬ್ಯಾಗಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ ಹಾಕು, ಎಣ್ಣೆ ಸೋರದ ಹಾಗೆ ಎರಡು ಕವರ್ ಕಟ್ಟು. ಆ ಮನೆಯವರಿಗೂ ಏನಾದ್ರೂ ಸಿಹಿ ಕಳಿಸು, ಕೊಬ್ಬರಿ ಮಿಠಾಯಿ ಆದ್ರೆ ಒಳ್ಳೇದು, ತೆಂಗು ಅವರಿಗೂ ದಿನದ ಅಡಿಗೆದೇ.

ಟಿಕೆಟ್ ಶನಿವಾರ ಬುಕ್ ಮಾಡ್ತೀನಿ. ಪುಟ್ಟ, ಅಷ್ಟರಲ್ಲಿ ಪಾಸ್‌ಪೋರ್ಟ್‌ನ ಮೊದಲ ಪುಟ ಸ್ಕ್ಯಾನ್ ಮಾಡಿ ಕಳಿಸು, ಮೆಡಿಕಲ್ ಫಾರ್ಮ್‌ಗೆ ಡಾಕ್ಟರ್ ಸಹಿ ಹಾಕಿಸು, ಚಿಕ್ಕಂದಿನ ಕಿವಿ ಸೋರಿಕೆ ವಿಷಯ ಮುಚ್ಚಿಡಬೇಡ. ಅಪ್ಪ, ಇನ್ನೇನಾದ್ರೂ ಕೇಳೋದಿದ್ರೆ ಶುಕ್ರವಾರ ರಾತ್ರಿ ನಿಮ್ಮ ಎಂಟು ಗಂಟೆಗೆ ಫೋನ್ ಮಾಡಿ, ಎಚ್ಚರ ಇರ್ತೀನಿ.

ನಿಮ್ಮ ಪ್ರೀತಿಯ ಮಗಳು